ಯಂತ್ರಗಳ ಮೇಲೆ ಯಂತ್ರದ ಯಜಮಾನಿಕೆ

ಮಾಗಿಯ ದಿನಗಳಲ್ಲಿ ನಾವು ಬೆಂಗಳೂರಿನಲ್ಲಿ ನಮ್ಮ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದೆವು. ನಡುರಾತ್ರಿ ಎರಡು ಗಂಟೆಯ ಸುಮಾರಿಗೆ ಪಕ್ಕದ ಕೋಣೆಯಲ್ಲಿ ಟೆಲಿಫೋನು ಕೂಗಿಕೊಂಡಿತು. ಅಂಥ ಹೊತ್ತಿನಲ್ಲಿ ಬರುವ ಕರೆಯು ಒಳ್ಳೆಯ ಸುದ್ದಿಯನ್ನು ತರುವುದಿಲ್ಲವೆಂಬುದು ನಮ್ಮ ತಲೆಮಾರಿನವರ ಅನುಭವ. ಗಾಬರಿಗೊಂಡು ಎದ್ದು ಕುಳಿತೆವು. ತಂಗಿಯು ಹಾಸಿಗೆಯಿಂದಲೇ, "ಹೆದರಬೇಡ ಅಣ್ಣಾ, ಅದು ಇವನ ಕಚೇರಿಯ ಕರೆ. ಈ ವಾರ ಇವನ ಸರದಿ" ಎಂದಳು. ಸೋದರಳಿಯನು ಕಣ್ಣುಜ್ಜಿಕೊಳ್ಳುತ್ತ ಎದ್ದು, ಕಂಪ್ಯೂಟರಿನ ಮುಂದೆ ಕುಳಿತು, ನಾಲ್ಕು ಗಂಟೆಯವರೆಗೆ ಏನೇನನ್ನೋ ಬರೆಯುತ್ತಿದ್ದನು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ವಿಚಾರಿಸಿದೆವು. "ಏನೂ ಇಲ್ಲ ಮಾವ. ಹಿಂದಿನ ಸಾಲಿನಲ್ಲಿ ಮೂರು ಯಂತ್ರಗಳು ಮಲಗಿಬಿಟ್ಟವು. ಅವನ್ನು ಪಟ್ಟಿಯಿಂದ ತೆಗೆದು ಬೇರೆ ಮೂರನ್ನು ಹಾಕಿದೆ" ಎಂದನು. ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ತಂಗಿಯು, "ಯಂತ್ರ ಮಲಗಿದರೆ ಮನುಷ್ಯ ಏಳಬೇಕೇ? ಆ ಕೆಲಸವನ್ನೂ ಒಂದು ಯಂತ್ರಕ್ಕೆ ಒಪ್ಪಿಸಬಾರದೇ?" ಎಂದು ಕೇಳಿದಳು. ಅವನು ನಕ್ಕು, "ಒಪ್ಪಿಸಬಹುದಮ್ಮ, ಎಷ್ಟು ಒಪ್ಪಿಸಬೇಕು ಎಂಬುದೇ ಕಷ್ಟದ ಪ್ರಶ್ನೆ" ಎಂದನು.

ಇಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂಥ ಮಕ್ಕಳಿದ್ದಾರೆ. ಅವರ ಸರದಿಯ ವಾರದಲ್ಲಿ ಮನೆಯವರೆಲ್ಲರ ನಿದ್ರೆಯೂ ಅರ್ಧವಾಗುತ್ತದೆ. ಹೀಗಿರುವಾಗ ಆ ಕೆಲಸದ ಸ್ವರೂಪವೇನು, ಅದನ್ನು ಯಂತ್ರಕ್ಕೆ ಒಪ್ಪಿಸಿದ ಬಗೆ ಯಾವುದು, ಹಾಗೆ ಒಪ್ಪಿಸಿದುದರಿಂದ ಆದ ಲಾಭವೆಷ್ಟು ಮತ್ತು ಅಪಾಯವೆಷ್ಟು ಎಂಬುದನ್ನು ಗೃಹಸ್ಥರಾದ ನಮ್ಮ ವಾಚಕರು ತಿಳಿದಿರುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ಪಂಕ್ತಿಯ ಮುಂದಿನ ಯಜಮಾನ

ದೊಡ್ಡ ಮದುವೆಯ ಊಟದ ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಸಾವಿರ ಜನ ಉಣ್ಣಬೇಕು. ಬಡಿಸುವವರು ಇಪ್ಪತ್ತು ಮಂದಿ. ಬಾಗಿಲಲ್ಲಿ ಒಬ್ಬ ಹಿರಿಯರು ನಿಂತಿರುತ್ತಾರೆ. "ನೀವು ಈ ಸಾಲಿಗೆ ಬನ್ನಿ, ನೀವು ಆ ಸಾಲಿಗೆ ಹೋಗಿ" ಎಂದು ಬಂದವರನ್ನು ಹಂಚುವುದು ಅವರ ಕೆಲಸ. ಅವರು ಸ್ವತಃ ಒಂದು ಸೌಟು ಅನ್ನವನ್ನೂ ಬಡಿಸುವುದಿಲ್ಲ. ಆದರೆ ಅವರಿಲ್ಲದಿದ್ದರೆ ಒಂದು ಸಾಲಿನಲ್ಲಿ ನೂಕುನುಗ್ಗಲು, ಇನ್ನೊಂದರಲ್ಲಿ ಎಲೆಗಳು ಬರಿದು.

ನಾವು ಕೈಯಲ್ಲಿರುವ ಫೋನಿನಿಂದ ರೈಲಿನ ಟಿಕೀಟನ್ನು ಕೇಳಿದಾಗಲೂ, ಬ್ಯಾಂಕಿನ ಲೆಕ್ಕವನ್ನು ನೋಡಿದಾಗಲೂ, ಮಕ್ಕಳ ಪರೀಕ್ಷೆಯ ಫಲಿತಾಂಶವನ್ನು ಹುಡುಕಿದಾಗಲೂ ಆ ತುದಿಯಲ್ಲಿ ನಡೆಯುವುದು ಇದೇ. ನಮಗೆ ಕಾಣುವುದು ಒಂದೇ ವಿಳಾಸ. ಅದರ ಹಿಂದೆ ಹತ್ತಾರು, ನೂರಾರು, ಕೆಲವೆಡೆ ಸಾವಿರಾರು ಕಂಪ್ಯೂಟರುಗಳು ಉತ್ತರ ಕೊಡಲು ಸಿದ್ಧವಾಗಿರುತ್ತವೆ. ಇವುಗಳಿಗೆ ಸರ್ವರ್ ಎಂದು ಹೆಸರು, ಬಡಿಸುವವನೆಂದೇ ಅರ್ಥ. ಬಾಗಿಲಲ್ಲಿ ನಿಂತು ಕೋರಿಕೆಗಳನ್ನು ಹಂಚುವ ಯಂತ್ರವೇ ಲೋಡ್ ಬ್ಯಾಲೆನ್ಸರ್. ನಾವು ಇದನ್ನು ಹೊರೆ ಹಂಚುವ ಯಂತ್ರವೆಂದು ಕರೆಯೋಣ. ಈ ಕೆಲಸಕ್ಕಾಗಿ ಫ್ರಾನ್ಸಿನ ವಿಲ್ಲಿ ಟಾರೋ ಎಂಬವರು ಬರೆದ ಎಚ್‌.ಎ. ಪ್ರಾಕ್ಸಿ ಎಂಬ ಕಾರ್ಯಕ್ರಮವು ೨೦೦೧ರಲ್ಲಿಯೂ, ರಷ್ಯದ ಇಗೋರ್ ಸಿಸೋಯೆವ್ ಎಂಬವರು ಬರೆದ ಎಂಜಿನ್‌ಎಕ್ಸ್ ಎಂಬುದು ೨೦೦೪ರಲ್ಲಿಯೂ ಲೋಕಕ್ಕೆ ದೊರೆತವು. ಇವೆರಡನ್ನೂ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇಂದಿಗೂ ಲೋಕದಲ್ಲಿ ಬಹಳಷ್ಟು ಜನರು ಇವುಗಳ ಬಾಗಿಲಿನಿಂದ ಒಳಹೋಗುತ್ತಿದ್ದಾರೆ.

ಹಂಚುವ ಕ್ರಮಗಳು ಹಲವು. ಸರದಿಯ ಪ್ರಕಾರ ಒಂದಾದ ಮೇಲೊಂದಕ್ಕೆ ಕಳುಹಿಸುವುದು ಒಂದು. ಯಾರ ಮುಂದೆ ಕಡಿಮೆ ಜನರಿದ್ದಾರೆಯೋ ಅಲ್ಲಿಗೆ ಕಳುಹಿಸುವುದು ಮತ್ತೊಂದು. ಮೂರನೆಯದು ತುಸು ಸೋಜಿಗದ್ದು: ಎಲ್ಲ ಸಾಲುಗಳನ್ನೂ ನೋಡುವ ಶ್ರಮವನ್ನೇ ಬಿಟ್ಟು, ಕಣ್ಣಿಗೆ ಬಿದ್ದ ಎರಡು ಸಾಲುಗಳನ್ನು ಮಾತ್ರ ಹೋಲಿಸಿ ಅವುಗಳಲ್ಲಿ ಚಿಕ್ಕದನ್ನು ಆರಿಸುವುದು. ಒಂದೇ ಸಾಲನ್ನು ಕಣ್ಣುಮುಚ್ಚಿ ಆರಿಸುವುದಕ್ಕಿಂತ ಎರಡನ್ನು ಹೋಲಿಸಿ ಆರಿಸಿದರೆ ಹೊರೆಯು ಅಚ್ಚರಿಪಡುವಷ್ಟು ಸಮವಾಗಿ ಹರಡುವುದೆಂದು ೧೯೯೦ರ ದಶಕದ ಗಣಿತಜ್ಞರು ಸಾಧಿಸಿ ತೋರಿಸಿದರು.

ಇಷ್ಟೊಂದು ಯಂತ್ರಗಳೇಕೆ, ಇರುವುದನ್ನೇ ಪೂರ್ತಿಯಾಗಿ ದುಡಿಸಬಾರದೇ ಎಂದು ಮಿತವ್ಯಯಿಗಳಾದ ಗೃಹಸ್ಥರು ಕೇಳಬಹುದು. ಇದಕ್ಕೆ ಉತ್ತರವಾಗುವ ಗಣಿತಕ್ಕೆ ಅಡಿಪಾಯ ಹಾಕಿದವರು ಡೆನ್ಮಾರ್ಕಿನ ಎರ್ಲಾಂಗ್ ಎಂಬವರು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ ಅವರು ಟೆಲಿಫೋನು ಕರೆಗಳ ದಟ್ಟಣೆಯನ್ನು ಕುರಿತು ೧೯೦೯ರಲ್ಲಿಯೇ ಬರೆದಿದ್ದರು. ಕೋರಿಕೆಗಳು ಹೊತ್ತುಗೊತ್ತಿಲ್ಲದೆ ಬರುತ್ತಿರುವ ಒಂಟಿ ಯಂತ್ರವನ್ನು ತೆಗೆದುಕೊಳ್ಳೋಣ. ಅದು ತನ್ನ ಕಾಲದ ಅರ್ಧವನ್ನು ದುಡಿಮೆಯಲ್ಲಿ ಕಳೆಯುತ್ತಿದ್ದರೆ, ಬಂದವನಿಗೆ ಸರಾಸರಿಯಾಗಿ ಹಿಡಿಯುವ ಹೊತ್ತು ಕೆಲಸದ ಹೊತ್ತಿನ ಎರಡರಷ್ಟು. ನೂರಕ್ಕೆ ೯೦ರಷ್ಟು ದುಡಿಯುತ್ತಿದ್ದರೆ ಹತ್ತರಷ್ಟು. ೯೫ ಆದರೆ ಇಪ್ಪತ್ತರಷ್ಟು. ಕೊನೆಯ ಐದು ಪಾಲಿನ ಉಳಿತಾಯಕ್ಕಾಗಿ ಕಾಯುವಿಕೆ ಇಮ್ಮಡಿಯಾಗುತ್ತದೆ. ಆದುದರಿಂದ ಸ್ವಲ್ಪ ಬಿಡುವು ಇಟ್ಟುಕೊಳ್ಳುವುದು ದುಂದಲ್ಲ, ವಿವೇಕ.

ಕೈಕೆಲಸದ ನಾಲ್ಕು ಬಗೆಗಳು

ಈ ಸಾಲಿನ ಮೇಲ್ವಿಚಾರಣೆಯನ್ನು ಮೊದಮೊದಲು ಮನುಷ್ಯರೇ ನಡೆಸುತ್ತಿದ್ದರು. ಯಾವ ಯಾವ ಯಂತ್ರಗಳು ಸಾಲಿನಲ್ಲಿವೆ ಎಂಬ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಡುವುದು. ಒಂದು ಕೆಟ್ಟರೆ ಆ ಸಾಲನ್ನು ಅಳಿಸುವುದು. ಹೊಸದು ಬಂದರೆ ಸೇರಿಸುವುದು. ಬಳಿಕ ಹಂಚುವ ಯಂತ್ರಕ್ಕೆ ಪಟ್ಟಿಯನ್ನು ಮತ್ತೆ ಓದಿಕೊಳ್ಳಲು ಹೇಳುವುದು. ಹತ್ತು ಯಂತ್ರಗಳಿದ್ದಾಗ ಇದು ಸುಲಭ. ಐನೂರಾದಾಗ ದಿನಕ್ಕೆ ಒಂದಲ್ಲ ಒಂದು ಕೆಟ್ಟೇ ಕೆಡುತ್ತದೆ. ನಿದ್ದೆಗಣ್ಣಿನಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ಚೆನ್ನಾಗಿರುವ ಯಂತ್ರವು ಹೊರಗೂ ಕೆಟ್ಟದ್ದು ಒಳಗೂ ಉಳಿಯುತ್ತದೆ. ಯಂತ್ರಕ್ಕೆ ಒಪ್ಪಿಸುವ ಆಲೋಚನೆ ಹುಟ್ಟಿದುದು ಸೋಮಾರಿತನದಿಂದಲ್ಲ, ಇಂಥ ಪ್ರಮಾದಗಳ ಭಯದಿಂದ.

ಒಪ್ಪಿಸಬೇಕಾದ ಕೆಲಸಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಆರೋಗ್ಯದ ವಿಚಾರಣೆ. ಹಂಚುವ ಯಂತ್ರವು ಪ್ರತಿಯೊಂದು ಸರ್ವರನ್ನೂ ಆಗಾಗ "ಕ್ಷೇಮವೇ?" ಎಂದು ಕೇಳುತ್ತಿರುತ್ತದೆ. ಎಚ್‌.ಎ. ಪ್ರಾಕ್ಸಿಯಲ್ಲಿ ಬೇರೆ ಅಪ್ಪಣೆಯಿಲ್ಲದಿದ್ದರೆ ಈ ಪ್ರಶ್ನೆ ೨ ಸೆಕೆಂಡಿಗೊಮ್ಮೆ. ಸತತವಾಗಿ ೩ ಬಾರಿ ಉತ್ತರ ಬಾರದಿದ್ದರೆ ಆ ಯಂತ್ರವನ್ನು ಸಾಲಿನಿಂದ ಹೊರಗಿಡುವುದು. ಮುಂದೆ ಸತತವಾಗಿ ೨ ಬಾರಿ ಸರಿಯಾದ ಉತ್ತರ ಬಂದರೆ ಮತ್ತೆ ಒಳಕ್ಕೆ ಕರೆದುಕೊಳ್ಳುವುದು. ಒಂದೇ ಬಾರಿಯ ಮೌನಕ್ಕೆ ದಂಡನೆಯಿಲ್ಲ. ಮನುಷ್ಯನು ಹಾಸಿಗೆಯಿಂದ ಏಳುವಷ್ಟರಲ್ಲಿ, ಆರು ಸೆಕೆಂಡುಗಳಲ್ಲಿ, ಕೆಲಸ ಮುಗಿದಿರುತ್ತದೆ.

ಆದರೆ ಏನನ್ನು ಕೇಳಬೇಕೆಂಬುದರಲ್ಲಿಯೇ ಜಾಣತನವಿದೆ. ಬಡಿಸದೆ "ಆಯಿತು, ಆಯಿತು" ಎಂದು ಓಡಾಡುವವನೂ ಒಬ್ಬನಿರುತ್ತಾನಷ್ಟೆ! ಅವನ ಮುಂದೆ ಯಾರೂ ಕಾಯುತ್ತಿಲ್ಲದಿರುವುದನ್ನು ನೋಡಿ ಯಜಮಾನರು ಇನ್ನಷ್ಟು ಜನರನ್ನು ಅವನ ಸಾಲಿಗೇ ಕಳುಹಿಸಿದರೆ ಗತಿಯೇನು? ಒಳಗೆ ಕೆಟ್ಟಿರುವ ಸರ್ವರ್ ಹೀಗೆಯೇ ಕ್ಷಣಮಾತ್ರದಲ್ಲಿ "ಆಗುವುದಿಲ್ಲ" ಎಂಬ ಉತ್ತರವನ್ನು ಕೊಟ್ಟು ಕೈ ತೊಳೆದುಕೊಳ್ಳುವುದರಿಂದ, ಎಲ್ಲರಿಗಿಂತ ಬಿಡುವಾಗಿರುವಂತೆ ತೋರಿ, ಬಂದ ಕೋರಿಕೆಗಳನ್ನೆಲ್ಲ ತನ್ನತ್ತ ಸೆಳೆದು ನುಂಗಿಬಿಡುವುದುಂಟು. ಆದುದರಿಂದ "ಇದ್ದೀಯಾ?" ಎಂದಷ್ಟೇ ಕೇಳಿದರೆ ಸಾಲದು, "ಕೊಟ್ಟ ಕೆಲಸವನ್ನು ಮಾಡಿದೆಯಾ?" ಎಂದು ಕೇಳತಕ್ಕದ್ದು.

ಎರಡನೆಯದು ಬೀಳ್ಕೊಡುವಿಕೆ. ದುರಸ್ತಿಗಾಗಿ ಒಂದು ಯಂತ್ರವನ್ನು ತೆಗೆಯಬೇಕಾದಾಗ ಅರ್ಧ ಬಡಿಸಿದ ಎಲೆಯನ್ನು ಬಿಟ್ಟು ಹೋಗುವಂತಿಲ್ಲ. ಹೊಸಬರನ್ನು ಕಳುಹಿಸುವುದನ್ನು ನಿಲ್ಲಿಸಿ, ಕುಳಿತವರ ಊಟ ಮುಗಿಯುವವರೆಗೆ ಕಾಯಬೇಕು. ಅಮೆಜಾನ್ ಕಂಪೆನಿಯ ಹೊರೆ ಹಂಚುವ ಯಂತ್ರಗಳಲ್ಲಿ ಈ ಕಾಯುವಿಕೆಯು ಬೇರೆ ಅಪ್ಪಣೆಯಿಲ್ಲದಿದ್ದರೆ ೩೦೦ ಸೆಕೆಂಡು.

ಮೂರನೆಯದು ಹೊಸಬನ ಪ್ರವೇಶ. ಈಗತಾನೆ ಎದ್ದ ಯಂತ್ರದ ಮೇಲೆ ಒಮ್ಮೆಗೇ ಪೂರ್ಣ ಹೊರೆಯನ್ನು ಹೇರಿದರೆ ಅದು ಎಡವುತ್ತದೆ. ಮೊದಲು ನಾಲ್ಕು, ಆಮೇಲೆ ಹತ್ತು, ಬಳಿಕ ನೂರು ಎಂಬಂತೆ ಏರಿಸಬೇಕು. ಹೊಸ ಸೊಸೆಗೆ ಮೊದಲ ದಿನವೇ ಮನೆಯ ಬೀಗದ ಕೈಗಳ ಗೊಂಚಲನ್ನೆಲ್ಲ ಕೊಟ್ಟು ಹಬ್ಬದಡಿಗೆಗೆ ನಿಲ್ಲಿಸುವ ಅತ್ತೆ ಯಾರಿದ್ದಾರೆ?

ನಾಲ್ಕನೆಯದು ಎಣಿಕೆ. ಬೆಳಿಗ್ಗೆ ಹತ್ತು ಗಂಟೆಗೆ ತತ್ಕಾಲದ ಟಿಕೀಟಿಗೆ ನೂಕುನುಗ್ಗಲು; ನಡುರಾತ್ರಿ ಬಿಡುವು. ಹೊರೆ ಹೆಚ್ಚಿದಾಗ ಯಂತ್ರಗಳನ್ನು ಹೆಚ್ಚಿಸಿ, ತಗ್ಗಿದಾಗ ತಗ್ಗಿಸಿದರೆ ಹಣವೂ ವಿದ್ಯುತ್ತೂ ಉಳಿಯುವುವು. ಅಮೆಜಾನ್ ಕಂಪೆನಿಯು ತನ್ನ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ೨೦೦೬ರಲ್ಲಿ ತೊಡಗಿತ್ತು. ೨೦೦೯ರ ಮೇ ತಿಂಗಳಲ್ಲಿ ಹೊರೆ ಹಂಚುವ, ಅಳೆಯುವ, ಹೆಚ್ಚು ಕಡಿಮೆ ಮಾಡುವ ಮೂರು ಏರ್ಪಾಡುಗಳನ್ನು ಒಟ್ಟಿಗೆ ಹೊರತಂದಿತು. ಅಂದಿನಿಂದ ಸಣ್ಣ ಅಂಗಡಿಯವನಿಗೂ ಈ ಅನುಕೂಲ ದೊರೆಯಿತು.

ನಂದಾದೀಪದ ನಿಯಮ

ಇಲ್ಲಿಂದ ಮುಂದಿನ ಹೆಜ್ಜೆಯೇ ನಿಜವಾದ ಮಾರ್ಪಾಡು. ಹಿಂದೆ ಯಂತ್ರಕ್ಕೆ "ಇದನ್ನು ಮಾಡು, ಅದನ್ನು ಮಾಡು" ಎಂದು ಕ್ರಮವಾಗಿ ಹೇಳುತ್ತಿದ್ದರು. ಈಗ "ಹೀಗಿರತಕ್ಕದ್ದು" ಎಂದು ಹೇಳಿ ಸುಮ್ಮನಾಗುತ್ತಾರೆ. ದೇವಾಲಯದ ಪರಿಚಾರಕನಿಗೆ ಯಾವ ಗಳಿಗೆಗೆ ಎಷ್ಟು ಎಣ್ಣೆ ಎಂದು ಯಾರೂ ಬರೆದುಕೊಡುವುದಿಲ್ಲ. "ನಂದಾದೀಪ ಆರಬಾರದು" ಎಂಬುದೊಂದೇ ಅಪ್ಪಣೆ. ಅವನು ಹೋಗಿ ನೋಡುತ್ತಾನೆ. ಎಣ್ಣೆ ಕಡಿಮೆಯಾಗಿದ್ದರೆ ಎರೆಯುತ್ತಾನೆ. ಬತ್ತಿ ಕರಿಕಟ್ಟಿದ್ದರೆ ಸರಿಪಡಿಸುತ್ತಾನೆ. ಮತ್ತೆ ಹೋಗಿ ನೋಡುತ್ತಾನೆ. ಅಂತೆಯೇ "ಈ ಕೆಲಸಕ್ಕೆ ಸದಾ ಹತ್ತು ಸರ್ವರುಗಳು ಇರತಕ್ಕದ್ದು" ಎಂದು ಬರೆದಿಟ್ಟರೆ, ಮೇಲ್ವಿಚಾರಕ ಯಂತ್ರವು ಇರುವುದನ್ನೂ ಇರಬೇಕಾದುದನ್ನೂ ಹೋಲಿಸುತ್ತಲೇ ಇರುತ್ತದೆ. ಎಂಟೇ ಇದ್ದರೆ ಎರಡನ್ನು ಎಬ್ಬಿಸುತ್ತದೆ. ಹನ್ನೆರಡಿದ್ದರೆ ಎರಡನ್ನು ಬೀಳ್ಕೊಡುತ್ತದೆ. ಹಂಚುವ ಯಂತ್ರದ ಪಟ್ಟಿಯನ್ನು ತಾನೇ ತಿದ್ದುತ್ತದೆ.

ಗೂಗಲ್ ಕಂಪೆನಿಯು ಬೋರ್ಗ್ ಎಂಬ ಹೆಸರಿನ ಇಂಥ ಏರ್ಪಾಡನ್ನು ತನ್ನೊಳಗೆ ಬಹುಕಾಲ ನಡೆಸಿ, ೨೦೧೫ರಲ್ಲಿ ಅದರ ವಿವರಗಳನ್ನು ವಿದ್ವಾಂಸರ ಮುಂದಿಟ್ಟಿತು. ಅದರ ಅನುಭವದಿಂದಲೇ ಹುಟ್ಟಿದ ಕುಬರ್ನೆಟೀಸ್ ಎಂಬುದು ೨೦೧೪ರಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯಿತು. ಇದು ಗ್ರೀಕ್ ಮಾತು. ಚುಕ್ಕಾಣಿ ಹಿಡಿಯುವವನೆಂದು ಅರ್ಥ. ಈಗ ಲೋಕದ ಬಹು ಕಂಪೆನಿಗಳ ಚುಕ್ಕಾಣಿ ಅದರ ಕೈಯಲ್ಲಿದೆ.

ಈ ಏರ್ಪಾಡುಗಳು ಆಪತ್ತಿನಲ್ಲಿ ನಿಜವಾಗಿ ಕಾಪಾಡುತ್ತವೆಯೇ ಎಂಬುದನ್ನು ಅರಿಯಲು ಅಮೆರಿಕದ ನೆಟ್‌ಫ್ಲಿಕ್ಸ್ ಕಂಪೆನಿಯವರು ವಿಚಿತ್ರವಾದ ಉಪಾಯವನ್ನು ಹೂಡಿದರು. ೨೦೦೮ರ ಆಗಸ್ಟಿನಲ್ಲಿ ಅವರ ಮಾಹಿತಿ ಭಂಡಾರ ಕೆಟ್ಟು ಮೂರು ದಿನ ಗಿರಾಕಿಗಳಿಗೆ ಚಿತ್ರದ ತಟ್ಟೆಗಳನ್ನು ಕಳುಹಿಸಲಾಗಿರಲಿಲ್ಲ. ಆ ಪೆಟ್ಟನ್ನು ಮರೆಯದ ಅವರು ತಮ್ಮ ಯಂತ್ರಗಳ ನಡುವೆ ಒಂದು ಕೋತಿಯನ್ನು ಬಿಟ್ಟರು. ಕೋತಿಯೆಂದರೆ ಒಂದು ಕಾರ್ಯಕ್ರಮವಷ್ಟೆ. ಅದರ ಹೆಸರು ಕೇಯಾಸ್ ಮಂಕಿ. ಅದು ನಡೆಯುತ್ತಿರುವ ಯಂತ್ರಗಳಲ್ಲಿ ಮನಬಂದದ್ದನ್ನು ಆರಿಸಿ ಆರಿಸಿಬಿಡುವುದು! ೨೦೧೦ರಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದಾಗ ಹಲವರು ಹುಬ್ಬೇರಿಸಿದರು. ಆದರೆ ಕೋತಿಯನ್ನು ಬಿಡುತ್ತಿದ್ದುದು ಕಚೇರಿಯ ವೇಳೆಯಲ್ಲಿ, ಎಲ್ಲರೂ ಎಚ್ಚರವಾಗಿ ಎದುರಿಗಿರುವಾಗ ಮಾತ್ರ ಎಂಬುದನ್ನು ಗಮನಿಸಬೇಕು. ನಡುರಾತ್ರಿ ಬರುವ ಕಷ್ಟವನ್ನು ನಡುಹಗಲಿಗೇ ಕರೆಸಿ ಪರಿಚಯ ಮಾಡಿಕೊಂಡರೆ ನಡುರಾತ್ರಿಯ ನಿದ್ರೆ ಉಳಿಯುತ್ತದೆಂಬುದು ಅವರ ತತ್ತ್ವ.

ವೈದ್ಯನಿಗೇ ಭ್ರಮೆಯಾದಾಗ

ಇಲ್ಲಿಯವರೆಗೆ ಕೇಳಿದ ತಂಗಿಯು, "ಹಾಗಾದರೆ ಎಲ್ಲವನ್ನೂ ಒಪ್ಪಿಸಿ ಮಲಗಬಾರದೇ?" ಎಂದಳು. ಸೋದರಳಿಯನು ಎರಡು ಸಂಗತಿಗಳನ್ನು ಹೇಳಿದನು. ಇವೆರಡೂ ಆಯಾ ಕಂಪೆನಿಯವರೇ ಬಹಿರಂಗವಾಗಿ ಒಪ್ಪಿಕೊಂಡು ವಿವರಿಸಿದ ಸಂಗತಿಗಳು.

ಮೊದಲನೆಯದು ೨೦೨೧ರ ಅಕ್ಟೋಬರ್ ೪ರದು. ಅಂದು ರಾತ್ರಿ ನಮ್ಮಲ್ಲಿ ಊಟ ಮುಗಿಸಿ ಜನರು ವಾಟ್ಸಾಪನ್ನು ತೆರೆಯುವ ಹೊತ್ತಿಗೆ, ಒಂಬತ್ತು ಗಂಟೆ ದಾಟಿದ ಕೂಡಲೇ, ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಮೌನವಾದುದು ವಾಚಕರಿಗೆ ನೆನಪಿರಬಹುದು. ತಂತಿಮಾರ್ಗಗಳ ನಿತ್ಯದ ಪರಿಶೀಲನೆಯಲ್ಲಿ ಕೊಟ್ಟ ಒಂದು ತಪ್ಪು ಅಪ್ಪಣೆಯಿಂದ ಕಂಪೆನಿಯ ಯಂತ್ರಾಲಯಗಳ ನಡುವಿನ ಸಂಪರ್ಕ ಕಡಿದುಹೋಯಿತು. ಅಂಥ ಅಪ್ಪಣೆಯನ್ನು ತಡೆಯಬೇಕಾಗಿದ್ದ ಕಾವಲು ಕಾರ್ಯಕ್ರಮದಲ್ಲಿಯೂ ಒಂದು ದೋಷವಿತ್ತು.

ಅನರ್ಥ ಅಷ್ಟಕ್ಕೇ ನಿಲ್ಲಲಿಲ್ಲ. ಹೆಸರನ್ನು ಹೇಳಿದರೆ ವಿಳಾಸವನ್ನು ತಿಳಿಸುವ ದಫ್ತರದಂಥ ಯಂತ್ರಗಳು ಹಲವು ಊರುಗಳಲ್ಲಿದ್ದವು. ಅವಕ್ಕೆ ಒಂದು ನಿಯಮವನ್ನು ಕಲಿಸಲಾಗಿತ್ತು: "ನಿನಗೆ ಕೇಂದ್ರದ ಸಂಪರ್ಕ ತಪ್ಪಿದರೆ ನೀನು ಅಸ್ವಸ್ಥನೆಂದು ತಿಳಿದು ಸಾಲಿನಿಂದ ಹಿಂದೆ ಸರಿ." ಒಂದು ಯಂತ್ರಕ್ಕೆ ಸಂಪರ್ಕ ತಪ್ಪಿದಾಗ ಇದು ಬಹಳ ಒಳ್ಳೆಯ ನಿಯಮ. ಆದರೆ ಅಂದು ಸಂಪರ್ಕವು ಎಲ್ಲಕ್ಕೂ ಒಮ್ಮೆಗೇ ತಪ್ಪಿತು. ಎಲ್ಲವೂ ತಮ್ಮನ್ನು ತಾವೇ ಅಸ್ವಸ್ಥರೆಂದು ನಿರ್ಣಯಿಸಿ, ವಿನಯದಿಂದ ಹಿಂದೆ ಸರಿದವು. ಫೇಸ್‌ಬುಕ್ ಎಲ್ಲಿದೆ ಎಂದು ಹೇಳಲು ಲೋಕದಲ್ಲಿ ಯಾರೂ ಉಳಿಯಲಿಲ್ಲ. ದುರಸ್ತಿಯವರು ಬಳಸುವ ಸಲಕರಣೆಗಳೂ ಅದೇ ಜಾಲವನ್ನು ನೆಚ್ಚಿದ್ದವು. ಕೊನೆಗೆ ಜನರನ್ನು ಯಂತ್ರಾಲಯಗಳಿಗೇ ಕಳುಹಿಸಬೇಕಾಯಿತು. ಎಲ್ಲ ಸರಿಹೋಗಲು ಸುಮಾರು ಆರು ಗಂಟೆ ಹಿಡಿಯಿತು.

ಎರಡನೆಯದು ೨೦೨೫ರ ಅಕ್ಟೋಬರ್ ೨೦ರದು. ನಮ್ಮಲ್ಲಿ ಅಂದು ನರಕ ಚತುರ್ದಶಿ. ಎಣ್ಣೆನೀರು ಮುಗಿಸಿ ಹಬ್ಬದೂಟಕ್ಕೆ ಎಲೆ ಹಾಕುವ ಹೊತ್ತು, ಮಧ್ಯಾಹ್ನ ೧೨ ಗಂಟೆ ೧೮ ನಿಮಿಷಕ್ಕೆ, ಅಮೆರಿಕದ ವರ್ಜೀನಿಯದಲ್ಲಿರುವ ಅಮೆಜಾನ್ ಕಂಪೆನಿಯ ಯಂತ್ರಾಲಯಗಳಲ್ಲಿ ವಿಪತ್ತು ಆರಂಭವಾಯಿತು. ಆ ಯಂತ್ರಗಳನ್ನು ಬಾಡಿಗೆಗೆ ಪಡೆದ ಎಷ್ಟೋ ಕಂಪೆನಿಗಳ ವ್ಯವಹಾರ ಲೋಕದಾದ್ಯಂತ ನಿಂತಿತು. ಸಿಗ್ನಲ್, ಸ್ನ್ಯಾಪ್‌ಚಾಟ್ ಮೊದಲಾದವೆಲ್ಲ ತೊಡಕಿಗೆ ಸಿಕ್ಕಿದವು.

ಕಾರಣವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಡೈನಮೋ ಡಿಬಿ ಎಂಬ ಅಲ್ಲಿನ ಮಾಹಿತಿ ಭಂಡಾರದ ಮುಂದೆ ಹೊರೆ ಹಂಚುವ ಯಂತ್ರಗಳೇ ಬಹು ಸಂಖ್ಯೆಯಲ್ಲಿದ್ದವು. ಯಾವುದು ಸ್ವಸ್ಥ, ಯಾವುದಕ್ಕೆ ಎಷ್ಟು ಹೊರೆ ಎಂದು ನೋಡಿ ವಿಳಾಸಗಳ ಪಟ್ಟಿಯನ್ನು ಸಿದ್ಧಪಡಿಸುವ ಒಂದು ಕಾರ್ಯಕ್ರಮವಿತ್ತು, ಅದನ್ನು ಕರಣಿಕನೆನ್ನೋಣ. ಆ ಪಟ್ಟಿಯನ್ನು ಜಾರಿಗೆ ತರುವ ಕಾರ್ಯಕ್ರಮವನ್ನು ಭದ್ರತೆಗಾಗಿ ಮೂರು ಬೇರೆ ಬೇರೆ ಕಡೆ ಇಟ್ಟಿದ್ದರು, ಅವನ್ನು ಅಮಲುದಾರರೆನ್ನೋಣ. ಅಂದು ಒಬ್ಬ ಅಮಲುದಾರನ ಕೆಲಸ ಏಕೋ ಬಹಳ ತಡವಾಯಿತು. ಅಷ್ಟರಲ್ಲಿ ಎರಡನೆಯವನು ಹೊಸ ಪಟ್ಟಿಯನ್ನು ಜಾರಿಗೆ ತಂದು, ಬಹಳ ಹಳೆಯ ಪಟ್ಟಿಗಳನ್ನು ಗುಡಿಸಿಹಾಕಲು ತೊಡಗಿದನು. ಅದೇ ಗಳಿಗೆಯಲ್ಲಿ ಮೊದಲನೆಯವನು ತನ್ನ ಕೈಯಲ್ಲಿದ್ದ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆದುಬಿಟ್ಟನು. ಗುಡಿಸುತ್ತಿದ್ದವನು ಅದನ್ನು ಹಳೆಯದೆಂದು ಕಂಡು ಅಳಿಸಿದನು. ಜಾರಿಯಲ್ಲಿದ್ದುದೇ ಆ ಪಟ್ಟಿ! ವಿಳಾಸದ ಜಾಗ ಬರಿದಾಯಿತು. ಯಂತ್ರಗಳೆಲ್ಲ ಆರೋಗ್ಯವಾಗಿದ್ದವು, ಅವುಗಳ ಮನೆಯ ದಾರಿ ಮಾತ್ರ ಯಾರಿಗೂ ತಿಳಿಯಲಿಲ್ಲ. ಈ ತೊಡಕನ್ನು ಬಿಡಿಸಲು ಕರಣಿಕನಿಗೂ ಅಮಲುದಾರರಿಗೂ ಸಾಧ್ಯವಾಗದೆ ಮನುಷ್ಯರೇ ಕೈಯಿಟ್ಟು ಬರೆಯಬೇಕಾಯಿತು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ೩ರ ಹೊತ್ತಿಗೆ ಈ ಭಾಗವು ಸರಿಹೋಯಿತು.

ಆದರೆ ಅದರ ಬೆನ್ನಿಗೇ ಮತ್ತೊಂದು ಬಂದಿತು. ಹೊಸದಾಗಿ ಎಬ್ಬಿಸಿದ ಯಂತ್ರಗಳಿಗೆ ಜಾಲದ ಸಂಪರ್ಕ ತಲಪುವುದು ತಡವಾಗುತ್ತಿತ್ತು. ಆರೋಗ್ಯ ವಿಚಾರಿಸುವ ಕಾರ್ಯಕ್ರಮವು ಅವನ್ನು ಕೇಳಿದಾಗ ಒಮ್ಮೆ ಉತ್ತರ ಬರುವುದು, ಒಮ್ಮೆ ಬಾರದು. ಬಾರದಿದ್ದಾಗ ಹೊರಗೆ ಹಾಕುವುದು, ಬಂದಾಗ ಒಳಗೆ ಕರೆಯುವುದು. ಮತ್ತೆ ಹೊರಗೆ, ಮತ್ತೆ ಒಳಗೆ. ಈ ಓಡಾಟದ ಹೊರೆಯಿಂದ ವಿಚಾರಣೆಯ ಕಾರ್ಯಕ್ರಮವೇ ಬಳಲಿ ಅದರ ವಿಚಾರಣೆಗಳು ತಡವಾದವು. ತಡವಾದುದನ್ನು ರೋಗವೆಂದು ಭಾವಿಸಿ ಇನ್ನಷ್ಟು ಯಂತ್ರಗಳನ್ನು ಸಾಲಿನಿಂದ ತೆಗೆಯಲಾಯಿತು. ನಮ್ಮ ಗಡಿಯಾರದಲ್ಲಿ ರಾತ್ರಿ ೧೦ ಗಂಟೆ ೬ ನಿಮಿಷಕ್ಕೆ ಅಲ್ಲಿನ ಇಂಜಿನಿಯರುಗಳು ಒಂದು ನಿರ್ಧಾರ ಮಾಡಿದರು: ಯಂತ್ರಗಳನ್ನು ತಾನಾಗಿಯೇ ಹೊರಗೆ ಹಾಕುವ ಅಧಿಕಾರವನ್ನೇ ಆ ಕಾರ್ಯಕ್ರಮದಿಂದ ಕಸಿದುಕೊಂಡರು. ಸ್ವಸ್ಥವಾಗಿದ್ದ ಯಂತ್ರಗಳೆಲ್ಲ ಕೆಲಸಕ್ಕೆ ಮರಳಿದವು. ಎಲ್ಲವೂ ಪೂರ್ತಿಯಾಗಿ ನೆಲೆಗೆ ಬಂದುದು ಮರುದಿನದ ಬೆಳಗಿನ ಜಾವಕ್ಕೆ.

ತಂಗಿಯು ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟು ಹೇಳಿದಳು: "ಇದಕ್ಕೆ ಇಷ್ಟು ಹೊತ್ತು ಬೇಕಾಯಿತೇ? ಮಗು ಒಂದಕ್ಕೆ ಜ್ವರವಿದೆಯೆಂದು ಥರ್ಮಾಮೀಟರು ತೋರಿಸಿದರೆ ಮಗುವನ್ನು ಮಲಗಿಸುತ್ತೇನೆ. ಮನೆಯ ಹತ್ತು ಜನಕ್ಕೂ ಒಟ್ಟಿಗೆ ನೂರಮೂರು ಡಿಗ್ರಿ ತೋರಿಸಿದರೆ ಥರ್ಮಾಮೀಟರನ್ನೇ ಕೊಡವಿ ನೋಡುತ್ತೇನೆ."

ಸೋದರಳಿಯನು ಒಂದು ಕ್ಷಣ ಸುಮ್ಮನಿದ್ದು, "ಅಮ್ಮ, ಇದನ್ನು ನಾವು ಬಹಳ ಬೆಲೆ ಕೊಟ್ಟು ಕಲಿತೆವು" ಎಂದನು.

ಅಧಿಕಾರಕ್ಕೆ ಎಲ್ಲೆ

ಈ ಬುದ್ಧಿಯು ಈಗ ಯಂತ್ರಗಳಿಗೂ ಕಲಿಸಲ್ಪಟ್ಟಿದೆ. ಹೊರೆ ಹಂಚಲು ಬಳಕೆಯಲ್ಲಿರುವ ಎನ್ವಾಯ್ ಎಂಬ ಕಾರ್ಯಕ್ರಮದಲ್ಲಿ, ಸ್ವಸ್ಥವೆಂದು ಕಾಣುವ ಸರ್ವರುಗಳು ನೂರಕ್ಕೆ ೫೦ಕ್ಕಿಂತ ಕಡಿಮೆಯಾದರೆ, ಅದು ಆರೋಗ್ಯದ ವರದಿಯನ್ನೇ ಬದಿಗಿಟ್ಟು ಎಲ್ಲಕ್ಕೂ ಕೆಲಸವನ್ನು ಹಂಚುತ್ತದೆ. ಅಮೆಜಾನಿನ ಹಂಚುವ ಯಂತ್ರಗಳಲ್ಲಿಯೂ ಸಾಲಿನಲ್ಲಿರುವ ಸರ್ವರುಗಳೆಲ್ಲವೂ ಅಸ್ವಸ್ಥವೆಂದು ಕಂಡರೆ ಎಲ್ಲಕ್ಕೂ ಕೋರಿಕೆಗಳು ಹೋಗುತ್ತವೆ. ಕುಬರ್ನೆಟೀಸಿನ ಮೇಲ್ವಿಚಾರಕನಿಗೆ ಎಲ್ಲ ವಲಯಗಳ ಎಲ್ಲ ಯಂತ್ರಗಳೂ ಒಮ್ಮೆಗೇ ಕೆಟ್ಟಂತೆ ತೋರಿದರೆ, ತನ್ನ ಸಂಪರ್ಕವೇ ಕೆಟ್ಟಿರಬೇಕೆಂದು ತಿಳಿದು, ಕೆಲಸಗಳನ್ನು ಅಲ್ಲಿಂದ ಎಬ್ಬಿಸುವುದನ್ನು ನಿಲ್ಲಿಸುತ್ತದೆ. ದೀಪಾವಳಿಯ ವಿಪತ್ತಿನ ಬಳಿಕ ಅಮೆಜಾನಿನವರು ಆ ಪಟ್ಟಿಯ ಕರಣಿಕನನ್ನೂ ಅಮಲುದಾರರನ್ನೂ ಲೋಕದ ಎಲ್ಲ ಕಡೆಗಳಲ್ಲಿಯೂ ಒಡನೆಯೇ ನಿಲ್ಲಿಸಿದರು. ಒಂದು ಹಂಚುವ ಯಂತ್ರದಿಂದ ಒಮ್ಮೆಗೆ ಎಷ್ಟು ಶಕ್ತಿಯನ್ನು ತೆಗೆಯಬಹುದೆಂಬುದಕ್ಕೆ ಮಿತಿಯನ್ನು ಹಾಕುವುದಾಗಿಯೂ ತಿಳಿಸಿದರು.

ಇವೆಲ್ಲದರಿಂದ ನಾವು ತಿಳಿದುಕೊಂಡ ಸಾರ ಇಷ್ಟು. ಒಂದು ಯಂತ್ರ ಕೆಟ್ಟಾಗ ಅದನ್ನು ಹೊರಗಿಡುವ ಕೆಲಸದಲ್ಲಿ ಯಂತ್ರವು ಮನುಷ್ಯನಿಗಿಂತ ಮೇಲು. ಅದಕ್ಕೆ ನಿದ್ದೆಯಿಲ್ಲ, ಬೇಸರವಿಲ್ಲ, ಕೈತಪ್ಪಿಲ್ಲ. ಆ ಕೆಲಸಕ್ಕಾಗಿ ಮನೆಮಕ್ಕಳನ್ನು ನಡುರಾತ್ರಿ ಎಬ್ಬಿಸುವುದು ಇನ್ನು ಸಲ್ಲದು. ಆದರೆ ಬಹು ಯಂತ್ರಗಳು ಒಮ್ಮೆಗೇ ಕೆಟ್ಟಂತೆ ಕಂಡಾಗ, ಕೆಟ್ಟದ್ದು ಯಂತ್ರಗಳೋ ನೋಡುವ ಕಣ್ಣೋ ಎಂದು ಸಂದೇಹಪಡುವ ಗುಣವು ಅದಕ್ಕೆ ಹುಟ್ಟಿನಿಂದ ಬರುವುದಿಲ್ಲ. ನಾವೇ ಎಲ್ಲೆ ಕಟ್ಟಿಕೊಡಬೇಕು. ಆ ಎಲ್ಲೆಯನ್ನು ಮುಟ್ಟಿದಾಗ ಕೈಕಟ್ಟಿ ನಿಂತು ಮನುಷ್ಯನನ್ನು ಕರೆಯುವ ಯಂತ್ರವೇ ಒಳ್ಳೆಯ ಯಂತ್ರ. ಆ ಕರೆಗೆ ಎದ್ದು ಬರುವವನಿಗೂ, ಯಂತ್ರದ ಕೈಯಿಂದ ಚುಕ್ಕಾಣಿಯನ್ನು ತೆಗೆದುಕೊಳ್ಳುವ ದಾರಿ ತೆರೆದಿರಬೇಕು, ಕೈಕೆಲಸದ ಅಭ್ಯಾಸವೂ ಉಳಿದಿರಬೇಕು.

ಗೃಹಸ್ಥರಾದ ನಾವು ಮಾಡಬಹುದಾದ ಉಪಕಾರವೂ ಒಂದುಂಟು. ಫಲಿತಾಂಶದ ದಿನ ಪುಟ ತೆರೆಯದಿದ್ದರೆ ನಾವು ಮತ್ತೆ ಮತ್ತೆ ಗುಂಡಿಯನ್ನು ಒತ್ತುತ್ತೇವೆ. ಒಂದೊಂದು ಒತ್ತೂ ಬಾಗಿಲಲ್ಲಿ ಇನ್ನೊಬ್ಬ ಅತಿಥಿ ಬಂದು ನಿಂತಂತೆ. ಬಳಲಿದ ಸಾಲು ಎದ್ದು ನಿಲ್ಲಲು ಯತ್ನಿಸುತ್ತಿರುವಾಗ ಈ ಒತ್ತುಗಳೇ ಅದನ್ನು ಮತ್ತೆ ಕೆಡವುತ್ತವೆ. ಮೊದಲು ಒಂದು ನಿಮಿಷ, ಆಗದಿದ್ದರೆ ಎರಡು, ಆಮೇಲೆ ನಾಲ್ಕು ಎಂದು ಬಿಡುವನ್ನು ಹೆಚ್ಚಿಸುತ್ತ ಕೇಳುವುದು ಲೇಸು. ಚೆನ್ನಾಗಿ ಬರೆದ ಕಾರ್ಯಕ್ರಮಗಳೂ ತಮ್ಮತಮ್ಮೊಳಗೆ ಈ ಮರ್ಯಾದೆಯನ್ನೇ ಪಾಲಿಸುತ್ತವೆ.

ನಾವು ಊರಿಗೆ ಹಿಂದಿರುಗಿದ ಮೇಲೆ ತಂಗಿಯ ಫೋನು ಬಂದಿತ್ತು. ಸೋದರಳಿಯನು ಆ ರಾತ್ರಿಯ ಕೆಲಸವನ್ನು ಮೇಲ್ವಿಚಾರಕ ಯಂತ್ರಕ್ಕೆ ಒಪ್ಪಿಸಿದ್ದಾನಂತೆ. ಒಮ್ಮೆಗೆ ಸಾಲಿನ ಕಾಲುಭಾಗಕ್ಕಿಂತ ಹೆಚ್ಚು ಯಂತ್ರಗಳನ್ನು ತೆಗೆಯಬೇಕಾಗಿ ಬಂದರೆ ಮಾತ್ರ ತನ್ನನ್ನು ಎಬ್ಬಿಸುವಂತೆ ಎಲ್ಲೆಯನ್ನು ಇಟ್ಟಿದ್ದಾನಂತೆ. "ಕಳೆದ ಸರದಿಯಲ್ಲಿ ಏಳು ರಾತ್ರಿಯೂ ಮಲಗಿದ, ಅಣ್ಣಾ. ಫೋನನ್ನು ಮಾತ್ರ ತಲೆದಿಂಬಿನ ಹತ್ತಿರವೇ ಇಟ್ಟುಕೊಂಡಿದ್ದ" ಎಂದಳು.

ಹಾಗೆಯೇ ಇರಬೇಕೆಂದು ನಾವೂ ಹೇಳಿದೆವು.